ಸಿಬಿಝಡ್‌ನ ಮೊದಲ ಅಕ್ಷರ

(ಬಿಎಸ್ಸಿ ಮೊದಲ ವರ್ಷದ ಸಿಬಿಝಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಝೂಆಲಜಿ ಓದುವ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ. ಕರಿಹಲಗೆಯ ಮೇಲೆ ಮಾಡಿ ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲಿ ಬಿಡಿಸಿ ಬರೆಯಲಾಗಿದೆ.)

ವಿದ್ಯಾರ್ಥಿ ಮಿತ್ರರೇ, ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕದ ಕಂಬಿಗೆ ತೂಗುಹಾಕುವ ಬಾಟಲಿಯನ್ನು ನೀವೆಲ್ಲರೂ ನೋಡಿದ್ದೀರಿ. ಅದರೊಳಗೆ ಏನೇ ಇರಲಿ, ನಮ್ಮ ಜನ ಅದನ್ನು ‘ಗ್ಲೂಕೋಸ್ ಹಾಕಿದ್ದಾರೆ’ ಎಂದೇ ಹೇಳುತ್ತಾರೆ. ಆದರೆ ಹತ್ತಿರ ಹೋಗಿ ಚೀಟಿ ಓದಿದರೆ ಸಾಮಾನ್ಯವಾಗಿ ಎರಡು ಬಗೆಯ ಬಾಟಲಿಗಳು ಕಾಣುತ್ತವೆ. ಒಂದರಲ್ಲಿ ಲೀಟರಿಗೆ 9 ಗ್ರಾಂ ಅಡುಗೆ ಉಪ್ಪು, ಅದು ಸಲೈನ್. ಇನ್ನೊಂದರಲ್ಲಿ ಲೀಟರಿಗೆ 50 ಗ್ರಾಂ ಗ್ಲೂಕೋಸ್, ಅದು ಡೆಕ್ಸ್‌ಟ್ರೋಸ್. ಸಿಬಿಝಡ್ ತರಗತಿಗೆ ಮೊದಲ ದಿನ ಕಾಲಿಟ್ಟಾಗಲೆಲ್ಲ ನಾನು ಕೇಳುತ್ತಿದ್ದ ಪ್ರಶ್ನೆ ಇದು: ಒಂದರಲ್ಲಿ 9 ಗ್ರಾಂ, ಮತ್ತೊಂದರಲ್ಲಿ ಅದರ ಐದು ಪಟ್ಟಿಗೂ ಹೆಚ್ಚು, ಹಾಗಿದ್ದೂ ಎರಡನ್ನೂ ಅದೇ ರಕ್ತನಾಳಕ್ಕೆ ಬಿಟ್ಟರೆ ಕೆಂಪು ರಕ್ತಕಣಗಳು ಒಡೆಯುವುದೂ ಇಲ್ಲ, ಮುದುಡುವುದೂ ಇಲ್ಲ. ಏಕೆ?

ಹೆಚ್ಚಿನ ವರ್ಷಗಳಲ್ಲಿ ಸಿಗುತ್ತಿದ್ದ ಉತ್ತರ, ‘ಎರಡೂ ಐಸೋಟಾನಿಕ್, ಸರ್’, ಅಂದರೆ ರಕ್ತಕ್ಕೆ ಸಮಬಲದವು, ಎಂಬುದು. ಅದು ತಪ್ಪಲ್ಲ, ಆದರೆ ಉತ್ತರವೂ ಅಲ್ಲ. ಕೇಳಿದ ಪ್ರಶ್ನೆಗೆ ಒಂದು ಹೆಸರು ಕೊಟ್ಟಂತಾಯಿತು, ಅಷ್ಟೆ. ಜೀವವಿಜ್ಞಾನವನ್ನು ಪ್ರೀತಿಸಿ ಬರುವ ವಿದ್ಯಾರ್ಥಿಗಳಲ್ಲಿ ಹೆಸರಿಡುವ ಶಕ್ತಿ ಬಹಳ ಚೆನ್ನಾಗಿ ಬೆಳೆದಿರುತ್ತದೆ. ಸಸ್ಯದ ಕುಲ, ಪ್ರಾಣಿಯ ವರ್ಗ, ಅಂಗಾಂಶದ ಬಗೆ, ಎಲ್ಲಕ್ಕೂ ಅವರ ನಾಲಿಗೆಯ ತುದಿಯಲ್ಲಿ ಹೆಸರಿದೆ. ಎಣಿಸುವ ಅಭ್ಯಾಸ ಮಾತ್ರ ಇರುವುದಿಲ್ಲ. ಸಾಮಾನ್ಯ ರಸಾಯನಶಾಸ್ತ್ರ ನಿಮಗೆ ಕೊಡಬೇಕಾದದ್ದು ಈ ಎಣಿಕೆಯನ್ನು ಎಂಬುದೇ ನನ್ನ ಈ ಹೊತ್ತಿನ ವಾದ. ಉಳಿದದ್ದನ್ನು ಮರೆತರೂ ನಾನು ಬೇಸರಪಡುವುದಿಲ್ಲ.

ಎಣಿಸೋಣ. ಅಣುತೂಕದಷ್ಟು ಗ್ರಾಂ ವಸ್ತುವಿಗೆ ಒಂದು ಮೋಲ್ ಎನ್ನುತ್ತೇವೆ; ಯಾವ ವಸ್ತುವಾದರೂ ಒಂದು ಮೋಲಿನಲ್ಲಿ ಕಣಗಳ ಸಂಖ್ಯೆ ಒಂದೇ. ಗ್ಲೂಕೋಸಿನ ಅಣುತೂಕ 180. 50 ಗ್ರಾಂ ಎಂದರೆ 0.278 ಮೋಲ್, ಅಂದರೆ 278 ಮಿಲಿಮೋಲ್. ಉಪ್ಪಿನದು 58.5, 9 ಗ್ರಾಂ ಎಂದರೆ 154 ಮಿಲಿಮೋಲ್. ಆದರೆ ಉಪ್ಪು ನೀರಿಗೆ ಬಿದ್ದೊಡನೆ ಸೋಡಿಯಂ ಅಯಾನು ಬೇರೆ, ಕ್ಲೋರೈಡ್ ಅಯಾನು ಬೇರೆ ಆಗುವುದರಿಂದ ಕಣಗಳ ಲೆಕ್ಕ ಎರಡರಷ್ಟಾಗಿ 308 ಆಗುತ್ತದೆ. ರಕ್ತದ್ರವದಲ್ಲಿ ಕರಗಿರುವ ಕಣಗಳ ಒಟ್ಟು ಲೆಕ್ಕ ಸುಮಾರು 290. ಈಗ ಮೂರೂ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕೋಶಪೊರೆಯ ಆಚೀಚೆ ನೀರು ಎತ್ತ ಹರಿಯಬೇಕು ಎಂಬುದನ್ನು ತೀರ್ಮಾನಿಸುವುದು ಕಣಗಳ ತೂಕವಲ್ಲ, ಜಾತಿಯೂ ಅಲ್ಲ, ತಲೆ ಎಣಿಕೆ ಮಾತ್ರ. ಇದಾದ ಮೇಲೆ ಬರುವ ಮುಂದಿನ ಪ್ರಶ್ನೆ ಜೀವವಿಜ್ಞಾನದ್ದು: ದೇಹದೊಳಗೆ ಹೋದ ಗ್ಲೂಕೋಸನ್ನು ಜೀವಕೋಶಗಳು ಬಳಸಿಕೊಂಡುಬಿಡುತ್ತವೆ, ಉಪ್ಪನ್ನು ಬಳಸುವುದಿಲ್ಲ. ಹಾಗಾದರೆ ಸ್ವಲ್ಪ ಹೊತ್ತಿನ ನಂತರ ಡೆಕ್ಸ್‌ಟ್ರೋಸ್ ಬಾಟಲಿಯಿಂದ ದೇಹದಲ್ಲಿ ಉಳಿಯುವುದೇನು? ಬರೀ ನೀರು. ವೈದ್ಯರು ಯಾವ ರೋಗಿಗೆ ಯಾವ ಬಾಟಲಿ ಎಂದು ಯೋಚಿಸುವುದು ಇದಕ್ಕೇ.

ಈ ತಲೆ ಎಣಿಕೆಯ ನಿಯಮ ರಸಾಯನಶಾಸ್ತ್ರಕ್ಕೆ ಬಂದದ್ದೇ ಸಸ್ಯಶಾಸ್ತ್ರದಿಂದ ಎಂಬುದನ್ನು ನಾವು ಪಾಠ ಮಾಡುವವರು ಹೇಳುವುದನ್ನು ಮರೆತುಬಿಡುತ್ತೇವೆ. ಜರ್ಮನಿಯ ವಿಲ್‌ಹೆಲ್ಮ್ ಫೆಫರ್ ಸಸ್ಯಶರೀರವಿಜ್ಞಾನಿ. ಗಿಡದ ಜೀವಕೋಶ ನೀರನ್ನು ಹೇಗೆ ಎಳೆದುಕೊಳ್ಳುತ್ತದೆ ಎಂದು ತಿಳಿಯಲು ಆತ ಸೂಕ್ಷ್ಮ ರಂಧ್ರಗಳಿರುವ ಪಿಂಗಾಣಿ ಪಾತ್ರೆಯ ಗೋಡೆಯಲ್ಲಿ ತಾಮ್ರದ ಫೆರೊಸಯನೈಡ್ ಪೊರೆಯನ್ನು ಕೂರಿಸಿ, ಒಳಗೆ ಸಕ್ಕರೆ ನೀರು ತುಂಬಿ, ಏಳುವ ಒತ್ತಡವನ್ನು ಅಳೆದ. 1877ರಲ್ಲಿ ಪ್ರಕಟವಾದ ಈ ಅಳತೆಗಳ ವಿಷಯವನ್ನು ಆಮ್‌ಸ್ಟರ್‌ಡಾಮಿನಲ್ಲಿದ್ದ ರಸಾಯನಶಾಸ್ತ್ರಜ್ಞ ವಾನ್ಟ್ ಹಾಫ್‌ಗೆ ತಿಳಿಸಿದವನು ಅವನ ಸಹೋದ್ಯೋಗಿ ಹ್ಯೂಗೋ ಡಿ ವ್ರೀಸ್. ಮೆಂಡೆಲನ ನಿಯಮಗಳನ್ನು 1900ರಲ್ಲಿ ಮರಳಿ ಕಂಡುಕೊಂಡವರಲ್ಲಿ ಒಬ್ಬನೆಂದು ನೀವು ತಳಿಶಾಸ್ತ್ರದಲ್ಲಿ ಓದುವ ಅದೇ ಡಿ ವ್ರೀಸ್. ನೂರಕ್ಕೆ ಒಂದರಷ್ಟು ಸಕ್ಕರೆಯ ದ್ರಾವಣ ಸುಮಾರು ಮುಕ್ಕಾಲು ವಾಯುಮಂಡಲದಷ್ಟು ಒತ್ತಡ ಹುಟ್ಟಿಸುತ್ತದೆ ಎಂಬ ಅಂಕಿಯನ್ನು ನೋಡಿದ ವಾನ್ಟ್ ಹಾಫ್, ಅಷ್ಟೇ ಸಂಖ್ಯೆಯ ಅನಿಲದ ಅಣುಗಳು ಅಷ್ಟೇ ಜಾಗದಲ್ಲಿದ್ದರೆ ತೋರುತ್ತಿದ್ದ ಒತ್ತಡವೂ ಅಷ್ಟೇ ಎಂಬುದನ್ನು ಗುರುತಿಸಿದ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಅವನಿಗೆ ಬಂದಾಗ ಅದರ ಕಾರಣಗಳಲ್ಲಿ ಇದೂ ಒಂದು. ನೀವು ಸಸ್ಯಶಾಸ್ತ್ರದ ಪ್ರಾಕ್ಟಿಕಲ್ಸ್‌ನಲ್ಲಿ ರೋಯಿಯೋ ಎಲೆಯ ಸಿಪ್ಪೆ ಸುಲಿದು, ಉಪ್ಪುನೀರಿನಲ್ಲಿಟ್ಟು, ನೇರಳೆ ಬಣ್ಣದ ಜೀವರಸ ಗೋಡೆ ಬಿಟ್ಟು ಮುದುಡುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತೀರಲ್ಲ, ಡಿ ವ್ರೀಸ್ ಮಾಡಿದ್ದೂ ಅದೇ ಬಗೆಯ ಕೆಲಸ. ಉಪ್ಪು ತನ್ನ ಲೆಕ್ಕಕ್ಕಿಂತ ಹೆಚ್ಚು ಪ್ರಭಾವ ತೋರುತ್ತದೆ ಎಂದು ಆ ಮುದುಡಿದ ಕೋಶಗಳು ಸಾಕ್ಷಿ ಹೇಳಿದ್ದವು. ಉಪ್ಪು ಅಯಾನುಗಳಾಗಿ ಒಡೆದಿರುತ್ತದೆ ಎಂಬ ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್‌ನ ವಾದ ಅದಕ್ಕೆ ಕಾರಣ ಕೊಟ್ಟಿತು. ಆ ಸ್ಲೈಡನ್ನು ನೋಡುವಾಗ ನೀವು ಯಾವ ವಿಭಾಗದಲ್ಲಿದ್ದೀರಿ ಎಂದು ಹೇಳುವುದು ಕಷ್ಟ.

ಎಣಿಕೆಯಲ್ಲಿ ಎಡವುವ ಎರಡನೆಯ ಜಾಗ ಪಿಎಚ್, ಅಂದರೆ ದ್ರಾವಣ ಎಷ್ಟು ಆಮ್ಲೀಯ ಎಂಬುದರ ಅಳತೆ. 1909ರಲ್ಲಿ ಈ ಅಳತೆಗೋಲನ್ನು ಮಾಡಿಕೊಟ್ಟ ಸೋರೆನ್ಸನ್ ಕೆಲಸ ಮಾಡುತ್ತಿದ್ದುದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಬಿಯರ್ ಕಂಪನಿಯ ಆಶ್ರಯದ ಪ್ರಯೋಗಾಲಯ ಅದು, ಆತ ಪರೀಕ್ಷಿಸುತ್ತಿದ್ದುದು ಕಿಣ್ವಗಳನ್ನು. ಇಲ್ಲಿ ನಮ್ಮ ಭಾಷೆಯ ಕಡೆಗೆ ಒಂದು ಸಣ್ಣ ತಿರುವು ತೆಗೆದುಕೊಳ್ಳುತ್ತೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ‘ಆಮ್ಲಜನಕ’ ಎಂಬ ಪದ ಗೊತ್ತು. ಆಮ್ಲವನ್ನು ಹುಟ್ಟಿಸುವುದು ಎಂದು ಅದರ ಅರ್ಥ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರಲೇಬೇಕೆಂದು ನಂಬಿದ್ದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೇ ಗ್ರೀಕ್ ಬೇರುಗಳಿಂದ ಕಟ್ಟಿದ ಹೆಸರನ್ನು ನಮ್ಮ ಹಿರಿಯರು ನಿಷ್ಠೆಯಿಂದ ಕನ್ನಡಕ್ಕೆ ತಂದರು, ಜೊತೆಗೆ ಅವನ ತಪ್ಪನ್ನೂ ತಂದರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ಆಮ್ಲದ ಗುಣಕ್ಕೆ ಹೊಣೆ ಜಲಜನಕದ ಅಯಾನು, ಮತ್ತು ಪಿಎಚ್ ಎಣಿಸುವುದು ಅದನ್ನೇ.

ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು ಎಂದು ನಿಮ್ಮ ಶರೀರಕ್ರಿಯಾಶಾಸ್ತ್ರದ ಪುಸ್ತಕ ಹೇಳುತ್ತದೆ. 7.4ರಿಂದ 7.1ಕ್ಕೆ ಇಳಿದರೆ ಏನು ಮಹಾ, ಬರೀ 0.3 ತಾನೇ ಎನ್ನಿಸುತ್ತದೆ. ಲಾಗ್ ಅಳತೆಯ ಮೋಸ ಇದೇ. 7.4 ಎಂದರೆ ಲೀಟರಿಗೆ 40 ನ್ಯಾನೋಮೋಲ್ ಜಲಜನಕ ಅಯಾನು, 7.1 ಎಂದರೆ 80 ನ್ಯಾನೋಮೋಲ್. ಅಂದರೆ ಸಂಖ್ಯೆ ದ್ವಿಗುಣವಾಗಿದೆ. ರಕ್ತದ ಸೋಡಿಯಂ ಇದೇ ರೀತಿ ದ್ವಿಗುಣವಾದರೆ ಯಾರೂ ಬದುಕುವುದಿಲ್ಲ. ಲಾಗ್ ಕೋಷ್ಟಕವನ್ನು ಗಣಿತದವರ ಕಾಟವೆಂದು ಪಕ್ಕಕ್ಕಿಟ್ಟು ಬಂದವರು, ಪಿಯುಸಿಯಲ್ಲಿ ಗಣಿತವನ್ನೇ ಬಿಟ್ಟು ಬಂದವರು, ಇದೊಂದು ವಿಷಯಕ್ಕಾದರೂ ಅದನ್ನು ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಎರಡರ ಲಾಗ್ 0.3, ಹತ್ತರ ಲಾಗ್ 1. ಇವೆರಡು ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು.

ಈಗ ಬಫರ್, ಅಂದರೆ ಆಮ್ಲ ಸುರಿದರೂ ಪಿಎಚ್ ಹೆಚ್ಚು ಅಲುಗದಂತೆ ತಡೆಯುವ ದ್ರಾವಣ. ಈ ಒಂದು ಅಧ್ಯಾಯದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಪುಸ್ತಕದ ರಸಾಯನಶಾಸ್ತ್ರ ದೇಹಕ್ಕೆ ಎಲ್ಲಿ ಸಾಲುತ್ತದೆ, ಎಲ್ಲಿ ಸಾಲದು ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ವೈದ್ಯಕೀಯ ಓದಿ ಹಾರ್ವರ್ಡಿನಲ್ಲಿ ರಸಾಯನಶಾಸ್ತ್ರದ ಕೆಲಸ ಮಾಡುತ್ತಿದ್ದ ಲಾರೆನ್ಸ್ ಹೆಂಡರ್‌ಸನ್ 1908ರಲ್ಲಿ ರಕ್ತದ ಬೈಕಾರ್ಬನೇಟಿನ ಲೆಕ್ಕ ಬರೆದ. ಮುಂದೆ ಡೆನ್ಮಾರ್ಕಿನ ಹ್ಯಾಸೆಲ್‌ಬಾಲ್ಕ್ ಅದಕ್ಕೆ ಲಾಗ್ ರೂಪ ಕೊಟ್ಟ. ನೀವು ಕಂಠಪಾಠ ಮಾಡುವ ಸಮೀಕರಣ ಅದೇ. ರಕ್ತದಲ್ಲಿ ಬೈಕಾರ್ಬನೇಟ್ ಲೀಟರಿಗೆ 24 ಮಿಲಿಮೋಲ್, ಕರಗಿದ ಇಂಗಾಲದ ಡೈಆಕ್ಸೈಡ್ 1.2 ಮಿಲಿಮೋಲ್, ಅನುಪಾತ 20ಕ್ಕೆ 1. ಇಪ್ಪತ್ತರ ಲಾಗ್ 1.3. ಈ ಜೋಡಿಯ ಪಿಕೆಎ, ಅಂದರೆ ಎರಡೂ ಸಮಸಮ ಇರುವಾಗಿನ ಪಿಎಚ್, 6.1. ಕೂಡಿದರೆ 7.4. ಲೆಕ್ಕ ಸರಿಹೋಯಿತು. ಆದರೆ ಬಫರ್ ಅಧ್ಯಾಯದಲ್ಲಿ ನಾವೇ ಕಲಿಸಿದ ಮತ್ತೊಂದು ಮಾತನ್ನು ನೆನಪಿಸಿಕೊಳ್ಳಿ: ಪಿಎಚ್ ತನ್ನ ಪಿಕೆಎಯ ಹತ್ತಿರ, ಒಂದು ಅಂಕಿಯ ಆಚೀಚೆ, ಇದ್ದಾಗ ಮಾತ್ರ ಬಫರ್ ಚೆನ್ನಾಗಿ ಕೆಲಸ ಮಾಡುತ್ತದೆ. 6.1ಕ್ಕೂ 7.4ಕ್ಕೂ ನಡುವೆ 1.3ರಷ್ಟು ದೂರವಿದೆ. ನಮ್ಮ ಪುಸ್ತಕದ ಪ್ರಕಾರವೇ ರಕ್ತ ಆರಿಸಿಕೊಂಡಿರುವುದು ಕಳಪೆ ಬಫರನ್ನು!

ಒಂದು ಲೀಟರ್ ಇಂಥ ದ್ರಾವಣಕ್ಕೆ 10 ಮಿಲಿಮೋಲ್ ಆಮ್ಲ ಸುರಿಯೋಣ. ಹಿಮೋಗ್ಲೋಬಿನ್ ಮುಂತಾದ ಬೇರೆ ಬಫರುಗಳು ಸದ್ಯಕ್ಕೆ ಇಲ್ಲವೆಂದುಕೊಳ್ಳಿ. ಬಿರಡೆ ಬಿಗಿದ ಫ್ಲಾಸ್ಕಿನಲ್ಲಾದರೆ 24 ಇದ್ದ ಬೈಕಾರ್ಬನೇಟ್ 14ಕ್ಕೆ ಇಳಿಯುತ್ತದೆ, ಕಳೆದುಹೋದ ಆ ಹತ್ತೂ ಇಂಗಾಲದ ಡೈಆಕ್ಸೈಡ್ ಆಗಿ 1.2 ಇದ್ದದ್ದು 11.2ಕ್ಕೆ ಏರುತ್ತದೆ, ಪಿಎಚ್ 6.2ಕ್ಕೆ ಕುಸಿಯುತ್ತದೆ. ಆ ಪಿಎಚ್‌ನಲ್ಲಿ ಮನುಷ್ಯ ಇರುವುದಿಲ್ಲ. ಈಗ ಬಿರಡೆ ತೆಗೆಯಿರಿ. ಹುಟ್ಟಿದ ಇಂಗಾಲದ ಡೈಆಕ್ಸೈಡ್ ಹುಟ್ಟಿದಂತೆಯೇ ಹೊರಗೆ ಹೋಗಿ 1.2ರಲ್ಲೇ ನಿಂತಿತೆಂದು ಇಟ್ಟುಕೊಂಡರೆ ಅನುಪಾತ 14ಕ್ಕೆ 1.2, ಪಿಎಚ್ 7.17. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೋರಾಗಿ ಉಸಿರಾಡಿ ಅದನ್ನು 0.8ಕ್ಕೆ ಇಳಿಸಿದರೆ ಪಿಎಚ್ 7.34, ಬಹುತೇಕ ಮೊದಲಿನ ಜಾಗಕ್ಕೇ ಬಂದಂತಾಯಿತು. ದ್ರಾವಣ ಅದೇ, ಸಮೀಕರಣ ಅದೇ, ಸುರಿದ ಆಮ್ಲವೂ ಅಷ್ಟೇ. ಬದಲಾದದ್ದು ಬಿರಡೆ. ಆ ತೆರೆದ ಬಾಯಿಗೆ ನಾವು ಶ್ವಾಸಕೋಶ ಎಂದು ಹೆಸರಿಟ್ಟಿದ್ದೇವೆ. ಕಳೆದುಹೋದ ಬೈಕಾರ್ಬನೇಟನ್ನು ನಿಧಾನವಾಗಿ ಮರಳಿ ತುಂಬುವ ಕೆಲಸ ಮೂತ್ರಪಿಂಡದ್ದು. ಸಕ್ಕರೆ ಕಾಯಿಲೆ ಮಿತಿಮೀರಿ ರಕ್ತದಲ್ಲಿ ಕೀಟೋ ಆಮ್ಲಗಳು ತುಂಬಿಕೊಂಡ ರೋಗಿ ಆಳವಾಗಿ, ಏದುಸಿರು ಬಿಡುವಂತೆ ಉಸಿರಾಡುತ್ತಾನೆ. ಮನೆಯವರು ಅದನ್ನು ಉಬ್ಬಸ ಎಂದುಕೊಳ್ಳಬಹುದು. ಅವನ ದೇಹ ಮಾಡುತ್ತಿರುವುದು ನಾವು ಈಗ ಮಾಡಿದ ಮೂರನೆಯ ಲೆಕ್ಕವನ್ನು.

ಸಾಮಾನ್ಯ ರಸಾಯನಶಾಸ್ತ್ರದ ಪಠ್ಯಕ್ರಮದ ಮೇಲೆ ನನಗಿರುವ ದೊಡ್ಡ ತಕರಾರೂ ಇದೇ ಆಗಿದೆ. ಸಮತೋಲನವನ್ನು ನಾವು ಯಾವಾಗಲೂ ಮುಚ್ಚಿದ ಪಾತ್ರೆಯಲ್ಲಿ ಕಲಿಸುತ್ತೇವೆ. ಅಮೋನಿಯಾ ತಯಾರಿಕೆಯ ಉದಾಹರಣೆ ಕೊಟ್ಟು, ಒತ್ತಡ ಹೆಚ್ಚಿಸಿದರೆ ಏನಾಗುತ್ತದೆ ಎಂದು ಕೇಳಿ, ನಾಲ್ಕು ಅಂಕ ಹಾಕಿ ಮುಗಿಸುತ್ತೇವೆ. ಜೀವಿಯ ಪಾತ್ರೆಗೆ ಮುಚ್ಚಳವಿಲ್ಲ. ಅದಕ್ಕೆ ಒಂದು ಕಡೆಯಿಂದ ವಸ್ತು ಬರುತ್ತಿರುತ್ತದೆ, ಇನ್ನೊಂದು ಕಡೆಯಿಂದ ಹೋಗುತ್ತಿರುತ್ತದೆ, ನಡುವೆ ಮಟ್ಟ ಸ್ಥಿರವಾಗಿರುತ್ತದೆ. ಕಟ್ಟೆ ಒಡೆಯದ, ಕೋಡಿ ಹರಿಯುತ್ತಿರುವ ಕೆರೆಯ ಹಾಗೆ. ಸ್ಥಿರವಾಗಿ ಕಾಣುವುದೆಲ್ಲ ಸಮತೋಲನವಲ್ಲ ಎಂಬ ಈ ವ್ಯತ್ಯಾಸವನ್ನು ನೀವು ಮೊದಲ ವರ್ಷದಲ್ಲೇ ಹಿಡಿದುಕೊಂಡರೆ ಮುಂದೆ ಜೀವರಸಾಯನಶಾಸ್ತ್ರ ತಾನಾಗಿ ತೆರೆದುಕೊಳ್ಳುತ್ತದೆ.

ಜೀವಕೋಶಗಳು ಶಕ್ತಿಗಾಗಿ ಬಳಸುವ ಎಟಿಪಿ ಎಂಬ ಅಣುವನ್ನೇ ತೆಗೆದುಕೊಳ್ಳಿ. ನಮ್ಮ ಪಕ್ಕದ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್, ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯೊಡನೆ ಸೇರಿ, 1925ರಲ್ಲಿ ರಂಜಕವನ್ನು ನೀಲಿ ಬಣ್ಣವಾಗಿಸಿ ಅಳೆಯುವ ವಿಧಾನವನ್ನು ರೂಪಿಸಿದರು. ಅದೇ ಅಳತೆಯ ಬಲದಿಂದ ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನನ್ನೂ, 1929ರಲ್ಲಿ ಎಟಿಪಿಯನ್ನೂ ಬೇರ್ಪಡಿಸಿದರು. ಜರ್ಮನಿಯಲ್ಲಿ ಲೋಹ್‌ಮನ್ ಅದೇ ವರ್ಷ ಸ್ವತಂತ್ರವಾಗಿ ಎಟಿಪಿಯನ್ನು ಕಂಡಿದ್ದ. ಎಣಿಸುವ ವಿಧಾನ ಮೊದಲು ಬಂತು, ಕಂಡುಹಿಡಿದದ್ದು ಆಮೇಲೆ ಎಂಬ ಕ್ರಮವನ್ನು ಗಮನಿಸಿ. ಈ ಎಟಿಪಿಯ ಬಗ್ಗೆ ನಿಮಗೆ ಬೆಳಿಗ್ಗೆ ಹತ್ತು ಗಂಟೆಯ ಪ್ರಾಣಿಶಾಸ್ತ್ರದ ತರಗತಿಯಲ್ಲಿ, ಅದರ ಕೊನೆಯ ಫಾಸ್ಫೇಟ್ ಬಂಧ ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆ ಎಂದು ಹೇಳಿರುತ್ತಾರೆ. ಹನ್ನೊಂದು ಗಂಟೆಗೆ ರಸಾಯನಶಾಸ್ತ್ರದ ತರಗತಿಯಲ್ಲಿ, ಯಾವ ಬಂಧವನ್ನು ಮುರಿಯಬೇಕಾದರೂ ಶಕ್ತಿ ಕೊಡಬೇಕು ಎಂದು ನಾವು ಹೇಳುತ್ತೇವೆ. ಎರಡನ್ನೂ ಎರಡು ನೋಟ್‌ಬುಕ್‌ಗಳಲ್ಲಿ ಬರೆದುಕೊಂಡು, ಎರಡಕ್ಕೂ ಬೇರೆಬೇರೆ ದಿನ ಅಂಕ ಪಡೆಯುವ ವಿದ್ಯಾರ್ಥಿಗಳನ್ನು ನಾನು ಬಹಳ ನೋಡಿದ್ದೇನೆ. ಜಗಳ ಹೂಡಿದ್ದು ಒಬ್ಬಳೇ. ಅವಳ ಪ್ರಶ್ನೆಗೆ ಆ ದಿನ ನಾನು ಸಮರ್ಪಕವಾಗಿ ಉತ್ತರಿಸಲಿಲ್ಲ ಎಂಬುದನ್ನೂ ಹೇಳಬೇಕು.

ಉತ್ತರ ಹೀಗಿದೆ. ಬಂಧ ಮುರಿಯಲು ಶಕ್ತಿ ಬೇಕು ಎಂಬುದು ಸರಿ. ಆದರೆ ಅಲ್ಲಿ ನಡೆಯುವುದು ಬರೀ ಮುರಿಯುವುದಲ್ಲ, ನೀರಿನೊಡನೆ ಹೊಸ ಬಂಧಗಳು ಕಟ್ಟಿಕೊಳ್ಳುತ್ತವೆ. ಒತ್ತೊತ್ತಾಗಿ ನಿಂತು ಒಂದನ್ನೊಂದು ತಳ್ಳುತ್ತಿದ್ದ ಋಣ ವಿದ್ಯುದಾವೇಶಗಳು ದೂರವಾಗುತ್ತವೆ. ಹೊರಬಿದ್ದ ಫಾಸ್ಫೇಟನ್ನು ನೀರು ಸುತ್ತುವರಿದು ನೆಮ್ಮದಿಗೊಳಿಸುತ್ತದೆ. ಎಲ್ಲ ಕೂಡಿ ಕಳೆದ ಮೇಲೆ ಪ್ರಮಾಣಿತ ಸ್ಥಿತಿಯಲ್ಲಿ ಮೋಲಿಗೆ 30.5 ಕಿಲೋಜೂಲ್ ಉಳಿತಾಯ. ಜೀವಕೋಶದೊಳಗೆ ಅದು ಸುಮಾರು 50ಕ್ಕೆ ಏರುತ್ತದೆ. ಏಕೆ ಹೆಚ್ಚು? ಬಂಧ ಬದಲಾಗಿಲ್ಲ, ಜೀವಕೋಶ ಎಟಿಪಿಯನ್ನು ತುಂಬಿಸಿ, ಫಾಸ್ಫೇಟ್ ಕಳೆದುಕೊಂಡು ಉಳಿಯುವ ಎಡಿಪಿಯನ್ನು ಕಡಿಮೆ ಇಟ್ಟು, ಆ ಕ್ರಿಯೆಯನ್ನು ಸಮತೋಲನದಿಂದ ಹತ್ತು ಕೋಟಿ ಪಟ್ಟಿಗೂ ಹೆಚ್ಚು ದೂರ ಎಳೆದು ಹಿಡಿದಿರುತ್ತದೆ. ಶಕ್ತಿ ಇರುವುದು ಬಂಧದಲ್ಲಿ ಎನ್ನುವುದಕ್ಕಿಂತ ಆ ದೂರದಲ್ಲಿ ಎನ್ನುವುದು ಹೆಚ್ಚು ಸರಿ. ಆ ದೂರ ಪೂರ್ತಿ ಇಲ್ಲವಾದ ಸ್ಥಿತಿಗೆ, ಅಂದರೆ ನಿಜವಾದ ಸಮತೋಲನಕ್ಕೆ, ಜೀವವಿಜ್ಞಾನದಲ್ಲಿ ಸಾವು ಎಂದು ಹೆಸರು.

ಕ್ರಿಯಾವೇಗದ ಅಧ್ಯಾಯವನ್ನೂ ಉತ್ಕರ್ಷಣ-ಅಪಕರ್ಷಣದ ಅಧ್ಯಾಯವನ್ನೂ ನಾನಿಲ್ಲಿ ಬೆಳೆಸುವುದಿಲ್ಲ. ಮೊದಲನೆಯದರಲ್ಲಿ ಪ್ರಥಮ ದರ್ಜೆ, ಶೂನ್ಯ ದರ್ಜೆಯ ಕ್ರಿಯೆ ಎಂದು ನೀವು ಬೇರೆಬೇರೆಯಾಗಿ ಕಲಿಯುವುದು ಕಿಣ್ವಗಳ ವೇಗದ ಲೆಕ್ಕವಾದ 1913ರ ಮಿಖಾಯೆಲಿಸ್-ಮೆಂಟನ್ ಸಮೀಕರಣದಲ್ಲಿ ಒಂದೇ ವಕ್ರರೇಖೆಯ ಎರಡು ತುದಿಗಳಾಗುತ್ತವೆ. ಎರಡನೆಯದರಲ್ಲಿ ಡೇನಿಯಲ್ ವಿದ್ಯುತ್ಕೋಶಕ್ಕೆ ಬಳಸಿದ ಸೂತ್ರವೇ ಮೈಟೊಕಾಂಡ್ರಿಯಕ್ಕೂ ಸಾಕಾಗುತ್ತದೆ, ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನು ಹೊತ್ತು ತರುವ ಎನ್‌ಎಡಿಎಚ್‌ನಿಂದ ಆಮ್ಲಜನಕದವರೆಗಿನ ಇಳಿಜಾರು 1.14 ವೋಲ್ಟ್ ಎಂಬುದನ್ನಷ್ಟೇ ಹಾಕಿ ನೋಡಿ.

ನಮ್ಮ ನೆಲದ ಒಂದು ಉದಾಹರಣೆಗೆ ಬರುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯಿಂದ ಬಂದವರು ಈ ಸಭೆಯಲ್ಲಿದ್ದರೆ ಅವರಿಗೆ ಕಂದುಗಟ್ಟಿದ ಹಲ್ಲು, ಬಾಗದ ಬೆನ್ನು, ಮಡಿಸಲಾಗದ ಮಂಡಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಅದು ಫ್ಲೋರೋಸಿಸ್, ಕಾರಣ ಕೊಳವೆಬಾವಿಯ ನೀರಿನ ಫ್ಲೋರೈಡ್. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಗ್ರಾನೈಟು ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಇದೆ ಎಂಬಲ್ಲಿಗೆ ಸಾಮಾನ್ಯವಾಗಿ ವಿವರಣೆ ನಿಂತುಬಿಡುತ್ತದೆ. ಆದರೆ ಒಂದೇ ಬಗೆಯ ಕಲ್ಲಿನ ಮೇಲಿರುವ ಎರಡು ಊರುಗಳ ನೀರು ಒಂದೇ ಸಮ ಇರುವುದಿಲ್ಲವಲ್ಲ? ಇಲ್ಲಿ ನಿಮ್ಮ ಕರಗುವಿಕೆಯ ಗುಣಲಬ್ಧದ, ಅಂದರೆ ಕರಗಿದ ಅಯಾನುಗಳ ಸಾರತೆಗಳ ಗುಣಾಕಾರ ದಾಟಲಾಗದ ಮಿತಿಯ, ಪಾಠ ಬೇಕು. ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಮತ್ತು ಆ ಗುಣಲಬ್ಧದಲ್ಲಿ ಫ್ಲೋರೈಡಿನ ಸಾರತೆ ವರ್ಗವಾಗಿ ಬರುತ್ತದೆ. ಹಾಗಾಗಿ ನೀರಿನ ಕ್ಯಾಲ್ಸಿಯಂ ನಾಲ್ಕರಲ್ಲಿ ಒಂದು ಪಾಲಿಗೆ ಇಳಿದರೆ, ನೀರು ಹಿಡಿದಿಟ್ಟುಕೊಳ್ಳಬಲ್ಲ ಫ್ಲೋರೈಡ್ ಎರಡು ಪಟ್ಟಾಗುತ್ತದೆ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಫ್ಲೋರೈಡಿನ ಮಿತಿ ಸುಮಾರು 4 ಮಿಲಿಗ್ರಾಂ. ಕ್ಯಾಲ್ಸಿಯಂ 4 ಮಿಲಿಗ್ರಾಂಗೆ ಇಳಿದರೆ ಸುಮಾರು 12. ಬೈಕಾರ್ಬನೇಟ್ ಹೆಚ್ಚಿರುವ ಆಳದ ನೀರಿನಲ್ಲಿ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಕೆಳಗಿಳಿಯುತ್ತದೆ, ಜೇಡಿನ ಕಣಗಳು ಕ್ಯಾಲ್ಸಿಯಮ್ಮನ್ನು ಹಿಡಿದು ಸೋಡಿಯಂ ಬಿಡುತ್ತವೆ, ಫ್ಲೋರೈಡಿಗೆ ಇದ್ದ ಕಡಿವಾಣ ಸಡಿಲವಾಗುತ್ತದೆ. ಸೋಪು ಚೆನ್ನಾಗಿ ನೊರೆಯಾಗುವ ಮೆದು ನೀರನ್ನು ನಾವು ಒಳ್ಳೆಯ ನೀರು ಎಂದುಕೊಳ್ಳುತ್ತೇವೆ. ಆ ಸೀಮೆಯಲ್ಲಿ ಆ ಮೆದುತನವೇ ಅನುಮಾನಕ್ಕೆ ಕಾರಣವಾಗಬೇಕು. ಕುದಿಸಿ ಕುಡಿದರೂ ಪ್ರಯೋಜನವಿಲ್ಲ: ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ಆ ನೀರು ದೇಹಕ್ಕೆ ಹೋದ ಮೇಲೆ ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟಿನಲ್ಲಿ ಹೈಡ್ರಾಕ್ಸಿಲ್ ಇದ್ದ ಜಾಗಕ್ಕೆ ಫ್ಲೋರೈಡ್ ಹೋಗಿ ಕೂರುತ್ತದೆ. ಗಾತ್ರ ಹತ್ತಿರ, ಆವೇಶ ಒಂದೇ, ಕರಗುವಿಕೆ ಇನ್ನೂ ಕಡಿಮೆ. ಬಂದದ್ದು ಸುಲಭವಾಗಿ ಹೋಗುವುದಿಲ್ಲ.

ಓದುವ ಕ್ರಮದ ಬಗ್ಗೆ ಎರಡೇ ಮಾತು. ಸೂತ್ರವನ್ನು ಬರೆಯುವ ಮೊದಲು ಉತ್ತರ ಎಷ್ಟರ ಆಸುಪಾಸಿನಲ್ಲಿ ಬರಬೇಕೆಂದು ಊಹಿಸಿ; ರಕ್ತದ ಪಿಎಚ್ ಕೇಳಿದ ಲೆಕ್ಕಕ್ಕೆ 2.3 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಕೈಕಟ್ಟಿ ಕೂತವರ ಉತ್ತರ ಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ಎರಡನೆಯದು, ಸಾಲ್ಟ್ ಅನಾಲಿಸಿಸ್‌ಗೆ ಕೊಡುವ ಉತ್ಸಾಹದಲ್ಲಿ ಅರ್ಧವನ್ನಾದರೂ ಟೈಟ್ರೇಷನ್ನಿಗೆ, ಅಂದರೆ ಹನಿಹನಿಯಾಗಿ ಬಿಟ್ಟು ಪ್ರಮಾಣ ಅಳೆಯುವ ಕೆಲಸಕ್ಕೆ, ಕೊಡಿ. ಬಣ್ಣ, ಹೊಗೆ, ಕಂದು ಉಂಗುರ ಇವೆಲ್ಲ ಸೊಗಸಾಗಿವೆ, ಆದರೆ ಅಲ್ಲಿ ಮತ್ತೆ ನೀವು ಮಾಡುತ್ತಿರುವುದು ಹೆಸರು ಹುಡುಕುವ ಕೆಲಸ.

ಈ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಒಂದು ಟೈಟ್ರೇಷನ್ ಮಾಡಲು ನಿಮ್ಮ ಅಧ್ಯಾಪಕರು ಒಪ್ಪಿದ್ದಾರೆ. ಬೆಳಿಗ್ಗೆ ಏಳಕ್ಕೆ ಹೆಪ್ಪು ಹಾಕಿದ ಹಾಲಿನಿಂದ ಎರಡು ಗಂಟೆಗೊಮ್ಮೆ 10 ಮಿಲಿಲೀಟರ್ ತೆಗೆದು, ನೀರು ಬೆರೆಸಿ, ಫಿನಾಲ್ಫ್ತಲೀನ್ ಹಾಕಿ, ಬ್ಯೂರೆಟ್ಟಿನಿಂದ 0.1 ನಾರ್ಮಲ್ ಕಾಸ್ಟಿಕ್ ಸೋಡ ಬಿಡಬೇಕು. ಚೆನ್ನಾಗಿ ಹುಳಿಯಾದ ಮೊಸರಿಗೆ ಸುಮಾರು 10 ಮಿಲಿಲೀಟರ್ ಹಿಡಿಯುತ್ತದೆ, ಅಂದರೆ ಒಂದು ಮಿಲಿಮೋಲ್ ಆಮ್ಲ, ಲ್ಯಾಕ್ಟಿಕ್ ಆಮ್ಲವೆಂದು ಲೆಕ್ಕ ಹಾಕಿದರೆ 90 ಮಿಲಿಗ್ರಾಂ. ಜೊತೆಗೆ ಪಿಎಚ್ ಮೀಟರಿನಲ್ಲೂ ನೋಡುತ್ತಾ ಹೋಗಿ. ಪಿಎಚ್ ನಾಲ್ಕೂವರೆಯ ಸುತ್ತ ಬಂದ ಮೇಲೆ ಹೆಚ್ಚು ಅಲುಗಾಡದೆ ನಿಂತರೂ ಬ್ಯೂರೆಟ್ಟಿನ ಓದು ಏರುತ್ತಲೇ ಇರುತ್ತದೆ. ಅದಕ್ಕೆ ಕಾರಣವನ್ನು ನೀವೇ ಹೇಳಬಲ್ಲಿರಿ. ಆದರೆ ಮೊದಲ ಓದನ್ನು ಹೆಪ್ಪು ಹಾಕುವ ಮೊದಲೇ, ತಾಜಾ ಹಾಲಿನಲ್ಲಿ ತೆಗೆದಿಟ್ಟಿದ್ದೇವೆ. ಅದಕ್ಕೂ ಸುಮಾರು ಒಂದೂವರೆ ಮಿಲಿಲೀಟರ್ ಕಾಸ್ಟಿಕ್ ಸೋಡ ಹಿಡಿಯಿತು. ಡೈರಿಯ ಪ್ರಯೋಗಾಲಯದವರು ಇದನ್ನು ನೂರಕ್ಕೆ 0.14ರ ಹತ್ತಿರದ ಲ್ಯಾಕ್ಟಿಕ್ ಆಮ್ಲ ಎಂದು ಬರೆದುಕೊಳ್ಳುತ್ತಾರೆ. ಆ ಹೊತ್ತಿಗೆ ಹಾಲಿನಲ್ಲಿ ಲ್ಯಾಕ್ಟಿಕ್ ಆಮ್ಲ ಇರಲೇ ಇಲ್ಲವೆನ್ನಬಹುದು. ಹಾಗಾದರೆ ಆ ಒಂದೂವರೆ ಮಿಲಿಲೀಟರನ್ನು ಕುಡಿದವರು ಯಾರು? ಹಾಲಿನ ಪ್ರೋಟೀನ್ ಯಾವುದು, ಅದರಲ್ಲಿ ಫಾಸ್ಫೇಟ್ ಎಲ್ಲಿದೆ ಎಂಬುದನ್ನು ಊಟದ ಬಿಡುವಿನಲ್ಲಿ ನೋಡಿಕೊಂಡು, ಎರಡೂವರೆಗೆ ರೆಕಾರ್ಡ್ ಪುಸ್ತಕದೊಂದಿಗೆ ಬನ್ನಿ.